ನಮ್ಮ ವಿಶ್ವವಿದ್ಯಾಲಯದ ಪ್ರಬಂಧ ಎಣಿಸಿದ್ದು

ದೇಶದ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸ್ಥಾನ ಕೊಡುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನವರು ಸಂಶೋಧನಾ ಪ್ರಬಂಧದ ಲೆಕ್ಕವನ್ನು ನಮ್ಮನ್ನು ಕೇಳುವುದಿಲ್ಲ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಪ್ರಬಂಧಗಳ ಡೇಟಾಬೇಸ್‌ಗಳಿಂದ ಅವರೇ ತೆಗೆದುಕೊಳ್ಳುತ್ತಾರೆ. ಹಾಗಾಗಿ ಅಲ್ಲಿ ನಮ್ಮ ಹೆಸರಿನಲ್ಲಿ ಏನೇನಿದೆ ಅಂತ ಮೊದಲೇ ನೋಡಿಡಿ ಎಂದರು ನಮ್ಮ ವಿಶ್ವವಿದ್ಯಾಲಯದವರು. ನಾನು ಲೈಬ್ರರಿಯವಳು. ಎರಡು ದಿನದ ಕೆಲಸ ಅಂದುಕೊಂಡೆ. ಎರಡು ತಿಂಗಳು ಹಿಡಿಯಿತು.

ಸ್ಕೋಪಸ್‌ನಲ್ಲಿ ಹುಡುಕಿದರೆ ಪ್ರಬಂಧಗಳು ತೀರಾ ಕಡಿಮೆ. ಕಾರಣ ಹೆಸರು. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತಲ್ಲ, ಕೆಲವರು ಹೊಸದು ಬರೆಯುತ್ತಾರೆ, ಕೆಲವರು ಹಳೆಯದನ್ನು ಬಿಟ್ಟಿಲ್ಲ. ಒಬ್ಬರಂತೂ ವಿಶ್ವವಿದ್ಯಾಲಯದ ಹೆಸರೇ ಇಲ್ಲದೆ ಬರೀ ವಿಭಾಗದ ಹೆಸರು ಹಾಕಿದ್ದರು!

ಲೇಖಕರ ಹೆಸರಿನದು ಇನ್ನೊಂದು ಗೋಳು. ನಮ್ಮಲ್ಲಿ ಮನೆಹೆಸರು ಇಲ್ಲದವರೇ ಜಾಸ್ತಿ. ಊರಿನದೋ ಅಪ್ಪನದೋ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ರಸಾಯನಶಾಸ್ತ್ರದ ಮೇಷ್ಟರೊಬ್ಬರು ಸ್ಕೋಪಸ್‌ನಲ್ಲಿ ನಾಲ್ಕು ಜನ ಆಗಿದ್ದರು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಹೇಳಿದ, ಸಂಶೋಧಕರ ಕೆಲಸ ಅಳೆಯುವ ಎಚ್-ಇಂಡೆಕ್ಸ್ ಪ್ರಕಾರ, ತಲಾ 12 ಸಲವಾದರೂ ಉಲ್ಲೇಖವಾದ 12 ಪ್ರಬಂಧ ಇದ್ದರೆ ನಿಮ್ಮದು 12. ಆದರೆ ಪ್ರಬಂಧಗಳು ನಾಲ್ಕು ಕಡೆ ಹಂಚಿಹೋದರೆ? ಇವರ ನಾಲ್ಕೂ ಪ್ರೊಫೈಲ್ ಸೇರಿಸಿ, ಸಂಶೋಧಕರನ್ನು ಗುರುತಿಸುವ ಆರ್ಕಿಡ್ (ORCID) ಸಂಖ್ಯೆ ಮಾಡಿಸಿದೆ. ಆಮೇಲೆ ಎಲ್ಲರ ಬಾಗಿಲಿಗೂ ಹೋಗಿ ಅದನ್ನೇ ಮಾಡಿಸಿದೆ. ಪಾಸ್‌ವರ್ಡ್ ನೆನಪಿದ್ದವರು ಯಾರೂ ಇರಲಿಲ್ಲ.

ಸೈಟೇಶನ್, ಅಂದರೆ ಒಂದು ಪ್ರಬಂಧವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕದಲ್ಲಿ ನಾನೇ ಎಡವಿದೆ. ಗಣಿತದಲ್ಲಿ ಉಲ್ಲೇಖ ನಿಧಾನ, ರಸಾಯನಶಾಸ್ತ್ರದಲ್ಲಿ ಜೋರು. ಹಾಗಾಗಿ ಆಯಾ ವಿಷಯದ ಪ್ರಪಂಚದ ಸರಾಸರಿಯನ್ನು 1 ಎಂದಿಟ್ಟುಕೊಂಡು ಹೋಲಿಸುವ ಲೆಕ್ಕ ಹಿಡಿದೆ. ನಮ್ಮದು 1ಕ್ಕಿಂತ ಮೇಲೆ ಬಂತು. ಖುಷಿಯಲ್ಲಿ ಹೇಳಿಕೊಂಡು ಓಡಾಡಿದೆ. ರಾತ್ರಿ ಎಕ್ಸೆಲ್ ನೋಡಿದರೆ, ನೂರಾರು ಲೇಖಕರಿದ್ದ ಒಂದೇ ಒಂದು ಭೌತಶಾಸ್ತ್ರದ ಪ್ರಬಂಧ ಇಡೀ ಸರಾಸರಿಯನ್ನು ಎತ್ತಿ ಹಿಡಿದಿತ್ತು. ನಮ್ಮವರದು ಅದರಲ್ಲಿ ಒಂದು ಹೆಸರು ಅಷ್ಟೇ. ತೆಗೆದೆ. 1ರ ಕೆಳಗೆ ಬಿತ್ತು. ವರದಿಯಲ್ಲಿ ಎರಡೂ ಅಂಕಿ ಬರೆದೆ. ಆ ಬಗ್ಗೆ ಒಂದಿಷ್ಟು ಮಾತೂ ಕೇಳಿದೆ.

ಕನ್ನಡ ವಿಭಾಗದ ಸಾಲಿನಲ್ಲಿ ಸೊನ್ನೆ ಇತ್ತು. "ಇಪ್ಪತ್ತು ವರ್ಷ ಶಾಸನ ಓದಿದ್ದು ಸೊನ್ನೇನಾ ಮೇಡಂ?" ಅಂದರು ಅಲ್ಲಿನ ಹಿರಿಯರು. ಅವರು ಬರೆದದ್ದೆಲ್ಲ ಕನ್ನಡದಲ್ಲಿ, ಪುಸ್ತಕವಾಗಿ, ನಮ್ಮದೇ ಪತ್ರಿಕೆಗಳಲ್ಲಿ. ಆ ಡೇಟಾಬೇಸ್‌ಗೆ ಅದು ಕಾಣುವುದೇ ಇಲ್ಲ. ಅವರ ಕಪಾಟಿನ ಮುಂದೆ ಕೂತು ಒಂದೊಂದನ್ನೇ ಬರೆದುಕೊಂಡು ಬೇರೆ ಪಟ್ಟಿ ಮಾಡಿದೆ. ರ‍್ಯಾಂಕಿಂಗ್‌ಗೆ ಅದು ಬೇಕಿರಲಿಲ್ಲ. ವರದಿಯ ಕೊನೆಗೆ ಅನುಬಂಧವಾಗಿ ಸೇರಿತು. ಅವರು ಅದರ ಜೆರಾಕ್ಸ್ ಮಾತ್ರ ಕೇಳಿ ತೆಗೆದುಕೊಂಡು ಹೋದರು.