ಕ್ಲ್ಯಾರಿನೆಟ್‌ನ ಆಲ್ಟಿಸಿಮೊದಲ್ಲಿ ನಾಲಿಗೆ ಹಿಡಿತಕ್ಕೆ ಬಂದದ್ದು

ಕ್ಲ್ಯಾರಿನೆಟ್‌ನ ತೀರಾ ಮೇಲಿನ ಆಲ್ಟಿಸಿಮೊ ಸ್ವರಗಳು ನನಗೆ ಒಂದಕ್ಕೊಂದು ಜೋಡಿಸಿ ಊದಿದರೆ ಚೆನ್ನಾಗಿ ಬರುತ್ತಿದ್ದವು. ನಾಲಿಗೆ ತಾಗಿಸಿ ಬಿಡಿಬಿಡಿಯಾಗಿ ನುಡಿಸಿದರೆ ಮಾತ್ರ ಕೀರಲು ಸದ್ದು, ಇಲ್ಲವೇ ಸ್ವರ ಕೆಳಕ್ಕೆ ಜಾರುತ್ತಿತ್ತು. ಜೋಡಿಸಿದಾಗ ಬರುತ್ತದೆ ಅಂದರೆ ಬೆರಳು, ರೀಡ್ (ಬಾಯಿಗಿಡುವ ತುದಿಯಲ್ಲಿ ಅದುರಿ ಸದ್ದು ಕೊಡುವ ತೆಳು ಪಟ್ಟಿ) ಎರಡೂ ಸರಿ ಇವೆ ಅಲ್ವಾ? ತೊಂದರೆ ಇದ್ದದ್ದು ನಾಲಿಗೆಯ ಹಿಂಭಾಗದಲ್ಲಿ. ತುದಿ ಆಡಿದಾಗಲೆಲ್ಲ ಅದೂ ಕುಸಿಯುತ್ತಿತ್ತು. ಬಾಯೊಳಗಿನ ಆಕಾರ ಸ್ವಲ್ಪ ಬದಲಾದರೂ ಈ ಸ್ವರಗಳು ನಿಲ್ಲುವುದಿಲ್ಲ.

‘ಈ’ ಅನ್ನುವಾಗಿನಂತೆ ಹಿಂಭಾಗವನ್ನು ಎತ್ತರದಲ್ಲೇ ಇಟ್ಟೆ. ಮೇಲಿನ ಡಿ ಸ್ವರವೊಂದನ್ನೇ ಉದ್ದಕ್ಕೆ ಊದುತ್ತಾ, ಗಾಳಿ ನಿಲ್ಲಿಸದೆ, ರೀಡ್‌ನ ತುದಿಯನ್ನು ‘ದಿ’ ಎಂದು ಸುಮ್ನೆ ಸವರಿದೆ. ಹೊಡೆಯಬಾರದು, ತಾಗಿಸಿದರೆ ಸಾಕು. ಜಾಸ್ತಿ ಕಚ್ಚಿದರೆ ರೀಡ್ ಅದುರುವುದೇ ಇಲ್ಲ, ಅದನ್ನೂ ಗಮನಿಸಿ. ಡಿ ಗಟ್ಟಿಯಾದ ಮೇಲೆ ಇ, ಎಫ್. ತಾಳದ ವೇಗ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತದಿಂದ ನಿಧಾನಕ್ಕೆ ಏರಿಸಿದೆ. ಈಗ ಎಫ್‌ವರೆಗೂ ಸ್ಪಷ್ಟವಾಗಿ ಕೇಳುತ್ತದೆ. ಜಿ ಮೇಲೆ ಕೆಲಸ ನಡೆದಿದೆ.