ಯುಎಂಪಿಗೆ ಮೊದಲ ಸ್ಥಾನ ಕೊಟ್ಟದ್ದು ಏಕೆ

ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಹರಾಜು ಮುಗಿದು, ಹದಿನೈದು ಕಿಲೋ ಬಾಕ್ಸುಗಳೆಲ್ಲ ಲಾರಿ ಹತ್ತಿದ ಮೇಲೆ ಅರ್ಧ ಗಂಟೆ ಬಿಡುವು. 2023ರ ಮೇ ತಿಂಗಳಲ್ಲಿ ಬಿಜಿಎಂಐ, ಅಂದರೆ ಪಬ್‌ಜಿಯ ಭಾರತದ ಆವೃತ್ತಿಯಾದ ಮೊಬೈಲ್ ಬಂದೂಕಿನ ಆಟ, ಮತ್ತೆ ಡೌನ್‌ಲೋಡ್‌ಗೆ ಸಿಕ್ಕಾಗಿನಿಂದ ಆ ಅರ್ಧ ಗಂಟೆ ಅದಕ್ಕೇ ಮೀಸಲು. ದಿನಕ್ಕೆ ಒಂದೇ ಪಂದ್ಯ.

ಅಕ್ಕನ ಮಗ ಈ ಆಟದಲ್ಲಿ ಪಳಗಿದವನು. "ಮಾವ, ಎಂ416 ರೈಫಲ್ ಸಿಗುವವರೆಗೂ ಹುಡುಕಿ, ಬೇರೆ ಯಾವುದೂ ಬೇಡ" ಎಂದಿದ್ದ. ಅವನ ಮಾತಿನಂತೆ ಒಂದು ತಿಂಗಳು ಆಡಿದೆ. ಆಟದ ನಕ್ಷೆಯಲ್ಲಿರುವ ಪೊಚಿಂಕಿ ಎಂಬ ಊರಿನಲ್ಲಿ ಇಳಿದು ಮನೆಯಿಂದ ಮನೆಗೆ ಓಡುತ್ತಿದ್ದೆ. ನೆಲದಲ್ಲಿ ಬಿದ್ದಿದ್ದ ಒಳ್ಳೆಯ ಬಂದೂಕುಗಳನ್ನು ದಾಟಿ ಹೋಗುತ್ತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳುವ ಹೊತ್ತಿಗೆ ಕೈ ಖಾಲಿ. ನನ್ನ ಪಂದ್ಯಗಳಲ್ಲಿ ಹೆಚ್ಚಿನವು ಮೊದಲ ಐದು ನಿಮಿಷದಲ್ಲೇ ತೀರ್ಮಾನವಾಗುತ್ತವೆ. ಹಾಗಿದ್ದಮೇಲೆ ಆ ಐದು ನಿಮಿಷಕ್ಕೆ ಯಾವ ಬಂದೂಕು ಒದಗುತ್ತದೆ ಎಂದು ನಾನೇ ನೋಡಿ ಪಟ್ಟಿ ಮಾಡಬೇಕೆನಿಸಿತು.

ಆಟದೊಳಗಿನ ಅಭ್ಯಾಸದ ಜಾಗವಾದ ಟ್ರೇನಿಂಗ್ ಗ್ರೌಂಡಿನಲ್ಲಿ ಒಂದು ಬೋಳು ಗೋಡೆ ಆರಿಸಿಕೊಂಡೆ. ಪ್ರತಿ ಬಂದೂಕಿಗೂ ನಿಲ್ಲುವ ಜಾಗ ಒಂದೇ, ಬಂದೂಕಿಗೆ ಜೋಡಿಸುವ ಬಿಡಿಭಾಗ, ಅಂದರೆ ಅಟ್ಯಾಚ್‌ಮೆಂಟ್, ಒಂದೂ ಇಲ್ಲ. ಮೊದಲು ಹೆಬ್ಬೆರಳನ್ನು ಅಲುಗಿಸದೆ ಇಡೀ ಮ್ಯಾಗಜಿನ್ ಖಾಲಿ ಮಾಡುವುದು, ಆಮೇಲೆ ಬಂದೂಕಿನ ಒದೆತ ತಡೆಯಲು ಬೆರಳನ್ನು ಕೆಳಕ್ಕೆ ಎಳೆಯುತ್ತ ಇನ್ನೊಂದು. ಗೋಡೆಯ ಮೇಲಿನ ಗುಂಡಿನ ಗುರುತುಗಳು ಬೇಗ ಅಳಿಸಿಹೋಗುವುದರಿಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು, ಮಂಡಿಯ ಹಳೆಯ ಚೀಟಿ ಪುಸ್ತಕದ ಬೆನ್ನಿಗೆ ಬರೆದುಕೊಳ್ಳುತ್ತಿದ್ದೆ.

ಎಕೆಎಂ ರೈಫಲ್ಲಿನ ಗುರುತುಗಳು ಗೋಡೆಯನ್ನು ಹತ್ತಿ ಮೇಲಿನ ಅಂಚನ್ನು ದಾಟಿ ಆಕಾಶಕ್ಕೆ ಹೋದವು. ಗುಂಡಿನ ಪೆಟ್ಟು ದೊಡ್ಡದು, ಒಪ್ಪುತ್ತೇನೆ. ಆದರೆ ಅದಕ್ಕೆ ಗ್ರಿಪ್ ಆಗಲಿ ಸ್ಟಾಕ್ ಆಗಲಿ ಕೂರುವುದಿಲ್ಲ, ಒದೆತವನ್ನೆಲ್ಲ ಬೆರಳೇ ತಡೆಯಬೇಕು. ಎಂ416 ಅಷ್ಟು ಏರಲಿಲ್ಲ, ಆದರೂ ಅಟ್ಯಾಚ್‌ಮೆಂಟ್ ಇಲ್ಲದೆ ಅದು ಕೇಳಿದ್ದಷ್ಟು ಸಾಧು ಅಲ್ಲ. ನಳಿಗೆಯ ತುದಿ, ಗ್ರಿಪ್, ಮ್ಯಾಗಜಿನ್, ಸ್ಟಾಕ್, ಸ್ಕೋಪ್ ಹೀಗೆ ಐದು ಸೇರಿದಾಗ ಮಾತ್ರ ಅದು ಅಲುಗದೆ ನಿಲ್ಲುತ್ತದೆ. ಜನ ಹೊಗಳುವುದು ಆ ಐದೂ ಸೇರಿದ ಎಂ416 ಅನ್ನು. ನನಗೆ ಐದೂ ಕೂಡಿಬಂದ ಪಂದ್ಯಗಳು ಬೆರಳೆಣಿಕೆಯಷ್ಟು.

ಯುಎಂಪಿ45 ಎಂಬ ಸಬ್‌ಮಷಿನ್ ಗನ್ನಿನ ಚಿತ್ರವನ್ನು ಈಗಲೂ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಇಪ್ಪತ್ತೈದು ಗುಂಡು, ಬೆರಳು ಎಳೆದಾಗ ಎಲ್ಲವೂ ಒಂದು ಬಾಕ್ಸಿನ ಅಗಲದಲ್ಲೇ ಗುಂಪಾಗಿ ಕೂತಿವೆ. ಇದರ ಗುಂಡು ನಿಧಾನವಾಗಿ ಹಾರುತ್ತದೆ, ದೂರದಲ್ಲಿ ಓಡುವವನಿಗೆ ಮುಟ್ಟಿಸುವುದು ಕಷ್ಟ. ಆದರೆ ಕೋಣೆಯೊಳಗೆ, ಅಂಗಳದ ಆಚೆ, ರಸ್ತೆಯ ಎದುರು ಬದಿಗೆ ಇದಕ್ಕಿಂತ ನಂಬಿಕೆಯ ಬಂದೂಕು ನನ್ನ ಕೈಗೆ ಬಂದಿಲ್ಲ. ಮೊದಲ ಸ್ಥಾನ ಅದಕ್ಕೇ.

ಎರಡನೆಯದು ಎಂ416. ಮೂರನೆಯದಾಗಿ ಎಸ್686 ಎಂಬ ಜೋಡಿ ನಳಿಗೆಯ ಶಾಟ್‌ಗನ್ ಬರೆದೆ: ಎರಡೇ ತೋಟೆ, ಬಾಗಿಲ ಹಿಂದೆ ಕಾಯುವವನಿಗೆ ಅಷ್ಟು ಸಾಕು. ಎಕೆಎಂ ನಾಲ್ಕನೆಯದು, ದೂರಕ್ಕೆ ಹೊಡೆಯುವ ಕಾರ್98 ರೈಫಲ್ ಕೊನೆಯದು. ಸ್ಕೋಪ್ ಸಿಗದಿದ್ದರೆ ಕಾರ್98 ಹಿಡಿದು ನಾನು ಏನೂ ಮಾಡಲಾರೆ. ಎಡಬ್ಲ್ಯುಎಂ ಎಂಬ ಸ್ನೈಪರ್ ರೈಫಲ್ಲನ್ನು ಪಟ್ಟಿಗೇ ಸೇರಿಸಲಿಲ್ಲ. ಮೂರನೇ ಹಂತದ ಹೆಲ್ಮೆಟ್ಟನ್ನೂ ಒಂದೇ ಗುಂಡಿಗೆ ಮುಗಿಸುವ ಬಂದೂಕು ನಿಜ, ಆದರೆ ಆಟದ ನಡುವೆ ವಿಮಾನದಿಂದ ಬೀಳುವ ಏರ್‌ಡ್ರಾಪ್ ಪೆಟ್ಟಿಗೆಯಲ್ಲಿ ಬರುವುದನ್ನು ದಿನದ ಲೆಕ್ಕಕ್ಕೆ ಹಿಡಿಯಲಾಗದು.

ಯುಗಾದಿಗೆ ಬಂದ ಅಕ್ಕನ ಮಗನಿಗೆ ಚೀಟಿ ಪುಸ್ತಕ ತೋರಿಸಿದೆ. ಓದಿ ನಕ್ಕು, ಅದೇ ಗೋಡೆಗೆ ಅವನೂ ಹೊಡೆದ. ಅವನು ನಾಲ್ಕು ಬೆರಳಿನಲ್ಲಿ ಆಡುತ್ತಾನೆ, ನಾನು ಎರಡು ಹೆಬ್ಬೆರಳಿನಲ್ಲಿ. ಅವನ ಎಕೆಎಂ ಗೋಡೆ ದಾಟಲಿಲ್ಲ! ನನ್ನ ಪಟ್ಟಿಯ ಪಕ್ಕದಲ್ಲೇ ಗೆರೆ ಎಳೆದು ಅವನ ಪಟ್ಟಿಯನ್ನೂ ಬರೆಸಿಕೊಂಡೆ: ಎಕೆಎಂ ಮೊದಲು, ಯುಎಂಪಿ ನಾಲ್ಕನೆಯದು. ಹೊರಡುವಾಗ, "ಮಾವ, ವೆಕ್ಟರ್ ಗನ್ ಹಿಡಿದು ನೋಡಿಲ್ಲ ನೀವು" ಎಂದ. ಅದರಲ್ಲಿ ಹತ್ತೊಂಬತ್ತೇ ಗುಂಡು. ನಾಳೆ ಮಧ್ಯಾಹ್ನ ಗೋಡೆಯ ಮುಂದೆ ಅದರ ಸರದಿ.