ಮುರಕಲ್ಲಿನ ಮೇಲೆ ಭೂಕಂಪಮಾಪಕ ಕೂರಿಸುವ ಕ್ರಮ

ಸಾಮಾನು ಹೆಚ್ಚಿಲ್ಲ: 4.5 ಹರ್ಟ್ಸ್‌ನ ಲಂಬ ಜಿಯೋಫೋನ್ (ನೆಲದ ಮೇಲೆ-ಕೆಳಗಿನ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ), ಆ ಸಂಕೇತವನ್ನು ಅಂಕಿಗಳಾಗಿಸುವ 24 ಬಿಟ್ ಡಿಜಿಟೈಸರ್, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಹೊತ್ತು ಸರಿಯಿಡಲು ಜಿಪಿಎಸ್ ಆಂಟೆನಾ. ಸೆಕೆಂಡಿಗೆ 100 ಸಲ ಅಳೆದರೆ ಸಾಕು. ಕೆಲಸ ಕೆಡುವುದು ಹೆಚ್ಚಾಗಿ ಜಾಗದಿಂದ.

ಕಾಸರಗೋಡಿನ ಕಡಲಬದಿಯ ಹೊಯ್ಗೆ ಬೇಡ. ಅಲ್ಲಿ ಪ್ರತಿ ಲಾರಿಯೂ ದಾಖಲಾಗುತ್ತದೆ. ಪದವಿನ (ಗುಡ್ಡದ ಮೇಲಿನ ಬಯಲಿನ) ಗಟ್ಟಿ ಮುರಕಲ್ಲು, ಅಂದರೆ ಕೆಂಪುಕಲ್ಲು, ಒಳ್ಳೆಯದು. ಗಾಳಿಗೆ ತೂಗುವ ತೆಂಗು ಬುಡದ ನೆಲವನ್ನೂ ಅಲುಗಿಸುತ್ತದೆ, ಹಾಗಾಗಿ ಮರದ ಎತ್ತರಕ್ಕಿಂತ ಹೆಚ್ಚು ದೂರ ಇರಲಿ. ಪಂಪ್‌ಶೆಡ್ಡಿನಿಂದ ಇನ್ನೂ ದೂರ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಹಳೆಯ ಸುರಂಗದೊಳಗೆ ಇಡುವ ಆಸೆ ಬರಬಹುದು. ತಂಪು, ನಿಶ್ಶಬ್ದ ನಿಜ. ಆದರೆ ಮಳೆಗಾಲದಲ್ಲಿ ಒರತೆ ಎದ್ದರೆ ಉಪಕರಣ ನೀರುಪಾಲು.

3 ಅಡಿಯಷ್ಟು ಅಗೆದು, ಗಟ್ಟಿ ಮುರ ಸಿಕ್ಕಲ್ಲಿ ನಿಲ್ಲಿಸಿ. ಅದರಡಿಯ ಶೇಡಿಮಣ್ಣಿಗೆ (ಮೆದು ಜೇಡಿಗೆ) ಇಳಿಯಬೇಡಿ: ಅದು ನೀರು ಕುಡಿದು ಮೆತ್ತಗಾದರೆ ಮೇಲಿನ ಕಾಂಕ್ರೀಟು ಕಟ್ಟೆ ವಾಲುತ್ತದೆ. 2 ಅಡಿ ಚೌಕ, 4 ಇಂಚು ದಪ್ಪ ಕಾಂಕ್ರೀಟು ಹಾಕಿ, 7 ದಿನ ನೀರುಣಿಸಿ. ಕಟ್ಟೆ ಮನೆಯ ಪಂಚಾಂಗಕ್ಕೆ (ಅಡಿಪಾಯಕ್ಕೆ) ತಾಗಿದರೆ ಬಾಗಿಲು ಬಡಿದದ್ದೂ ಭೂಕಂಪದಂತೆ ಕಾಣುತ್ತದೆ. ಜಿಯೋಫೋನನ್ನು ಕಟ್ಟೆಯ ಮೇಲಿಟ್ಟು, ಪಾದದ ತಿರುಪು ತಿರುಗಿಸಿ ಮಟ್ಟದ ಗುಳ್ಳೆಯನ್ನು ನಡುವಿಗೆ ತನ್ನಿ. ಕೇಬಲನ್ನು ಒಂದು ಸುತ್ತು ಸಡಿಲ ಬಿಟ್ಟು, ಮೇಲೆ ಹೊಯ್ಗೆಚೀಲ ಇಡಿ. ಬಿಗಿಯಾಗಿದ್ದರೆ ಕೇಬಲಿನ ಎಳೆತವೇ ದಾಖಲಾಗುತ್ತದೆ. ಥರ್ಮೋಕೋಲ್ ಪೆಟ್ಟಿಗೆ ಕವುಚಿ.

ವಿಷುವಿನಿಂದ ಪತ್ತನಾಜೆಯವರೆಗಿನ (ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗಿನ) ಸಿಡಿಲನ್ನು ಲಘುವಾಗಿ ಎಣಿಸಬೇಡಿ. ಕರೆಂಟ್ ಲೈನಿನ ಬದಲು 12 ವೋಲ್ಟ್ ಬ್ಯಾಟರಿ, ಸೋಲಾರ್ ಬಳಸಿ. ಜಿಪಿಎಸ್‌ಗೆ ಬಯಲು ಆಕಾಶ ಕಾಣಬೇಕು. ಬೇರೆ ಮಾಪಕಗಳ ಜೊತೆ ಹೋಲಿಸುವಾಗ ಗಡಿಯಾರ 1 ಸೆಕೆಂಡ್ ತಪ್ಪಿದರೆ ದೂರದಲ್ಲಿ ಸುಮಾರು 6 ಕಿ.ಮೀ. ತಪ್ಪುತ್ತದೆ.

ಓದುವಾಗ ಮೊದಲು ತಲಪುವ ವೇಗದ ಪಿ ಅಲೆ ಬಂದ ಹೊತ್ತಿಗೂ ಹಿಂದಿನಿಂದ ಬರುವ ನಿಧಾನದ ಎಸ್ ಅಲೆ ಬಂದ ಹೊತ್ತಿಗೂ ಎಷ್ಟು ಸೆಕೆಂಡ್ ಅಂತರವೋ ಅದನ್ನು 8ರಿಂದ ಗುಣಿಸಿ: 20 ಸೆಕೆಂಡಾದರೆ ಭೂಕಂಪದ ದೂರ ಸುಮಾರು 160 ಕಿ.ಮೀ. ಇದು ಕೆಲವು ನೂರು ಕಿ.ಮೀ. ಒಳಗಿನ ಲೆಕ್ಕ. 2004ರ ಡಿಸೆಂಬರ್ 26ರ ಸುಮಾತ್ರಾ ಭೂಕಂಪದಂಥದ್ದರ ಪಿ ಅಲೆ ಇಲ್ಲಿಗೆ ತಲಪಲು 5 ನಿಮಿಷದಷ್ಟು ಬೇಕು. ಅಷ್ಟು ದೂರದ್ದಕ್ಕೆ, ಅಲೆಗೆ ಎಷ್ಟು ದೂರಕ್ಕೆ ಎಷ್ಟು ಹೊತ್ತು ಎಂದು ತೋರಿಸುವ ಪ್ರಯಾಣಕಾಲದ ಕೋಷ್ಟಕವೇ ಬೇಕು. ಒಂದೇ ಮಾಪಕ ದೂರ ಹೇಳೀತು, ದಿಕ್ಕು ಹೇಳದು. ಭೂಕಂಪದ ಕೇಂದ್ರ ಗುರುತಿಸಲು ಕನಿಷ್ಠ 3 ಮಾಪಕ ಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೆರೆ ನಿಧಾನ ಉಯ್ಯಾಲೆಯಾಡಿದರೆ ಉಪಕರಣ ಕೆಟ್ಟಿತೆಂದು ಬಿಚ್ಚಬೇಡಿ, ಅದು ಕಡಲಿನ ಅಲೆಗಳ ಕಂಪನ. 1ರಿಂದ 10 ಹರ್ಟ್ಸ್ ನಡುವಿನ ಕಂಪನವನ್ನಷ್ಟೇ ಉಳಿಸುವ ಫಿಲ್ಟರ್ ಹಾಕಿದರೆ ಮರೆಯಾಗುತ್ತದೆ. ಕಪ್ಪುಕಲ್ಲಿನ ಕೋರೆಯ ಸಿಡಿಮದ್ದು ಮಾತ್ರ ಫಿಲ್ಟರಿಗೆ ಬಗ್ಗದು: ಹಗಲಲ್ಲೇ, ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬರುತ್ತದೆ, ಎಸ್ ಅಲೆ ಸಪ್ಪೆ. ಕೋರೆಯವರಲ್ಲಿ ಮದ್ದಿಡುವ ಹೊತ್ತು ಕೇಳಿ ಪುಸ್ತಕದಲ್ಲಿ ಬರೆದಿಡಿ.